ಕಚ್ಚಿಲ್ಲದ ಸುತ್ತಿಗೆ

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೆಲವರು ಪಾರ್ಕಿನಲ್ಲಿ ಸುತ್ತು ಹಾಕುತ್ತಾರೆ, ಕೆಲವರು ಬಡಾವಣೆಯ ಸಂಘಕ್ಕೆ ಸೇರಿ ನೀರಿನ ಟ್ಯಾಂಕರಿನವನ ಜೊತೆ ಜಗಳ ಕಾಯುತ್ತಾರೆ. ನನ್ನ ಗಂಡ ಹಳೆಯ ಸುತ್ತಿಗೆಗಳನ್ನು ಕೂಡಿಹಾಕಲು ಶುರುಮಾಡಿದರು. ಗೊಟ್ಟಿಗೆರೆಯ ಗುಜರಿ ಅಂಗಡಿಗಳಿಂದ ತುಕ್ಕು ಹಿಡಿದ ಸುತ್ತಿಗೆಗಳು ಚೀಲದಲ್ಲಿ ಬರತೊಡಗಿದವು. ಜಯನಗರದ ನಮ್ಮ ಮನೆಯಲ್ಲಿ ದಸರಾ ಗೊಂಬೆಗಳಿದ್ದ ಗಾಜಿನ ಕಪಾಟನ್ನು ಅವಕ್ಕೆ ಬಿಟ್ಟುಕೊಡಬೇಕಾಯಿತು. ರಾಜ, ರಾಣಿ, ಶೆಟ್ಟಿ ದಂಪತಿ ಎಲ್ಲರೂ ಅಟ್ಟ ಹತ್ತಿದರು.

ಪ್ರತಿ ಸುತ್ತಿಗೆಗೂ ಒಂದು ಚೀಟಿ. ಇದು ಕಮ್ಮಾರರದು, ಇದು ಅಕ್ಕಸಾಲಿಗರದು, ಇದು ಲಾಳ ಹೊಡೆಯುವವರದು. ಫೋಟೋ ತೆಗೆದು ಫೋನಿನಲ್ಲಿ ತಮ್ಮಂಥ ಹುಚ್ಚಿನವರ ಗುಂಪಿಗೆ ಹಾಕಿದರೆ ಮೂರು ಜನ ಮೂರು ಹೆಸರು ಹೇಳುತ್ತಾರೆ; ಹೆಚ್ಚು ಹಳೆಯದಾಗಿ ಕೇಳಿಸುವುದನ್ನು ಇವರು ಬರೆದುಕೊಳ್ಳುತ್ತಾರೆ. ಒಮ್ಮೆ ಕಲ್ಲುಕುಟಿಗರ ಸುತ್ತಿಗೆಯೊಂದು ಬೆಳ್ಳಿ ಕೆಲಸದವರದಾಗಿ ಬಹಳ ದಿನ ಕಪಾಟಿನಲ್ಲಿ ಮೆರೆಯಿತು. ನಾನು ಬಾಯಿಬಿಡಲಿಲ್ಲ, ಯಾರೂ ನನ್ನನ್ನು ಕೇಳಿರಲೂ ಇಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ.

ನಾನು ಬೆಳೆದದ್ದೇ ಸುತ್ತಿಗೆಯ ಸದ್ದಿನಲ್ಲಿ. ಅಪ್ಪ ಪೇಟೆಯ ಓಣಿಯೊಂದರಲ್ಲಿ ತಾಮ್ರದ ಹಂಡೆ, ಕೊಡಪಾನ ಬಡಿಯುತ್ತಿದ್ದರು. ಮದುವೆಯ ಮಾತುಕತೆಯಲ್ಲಿ ಇವರ ಕಡೆಯ ಹಿರಿಯರು ಅದನ್ನು ನಯವಾಗಿ ‘ಪಾತ್ರೆ ವ್ಯಾಪಾರ’ ಮಾಡಿಬಿಟ್ಟರು. ಇವರ ಮುತ್ತಜ್ಜನೂ ಸುತ್ತಿಗೆ ಹಿಡಿದವರೇ. ಆದರೆ ಮನೆಯಲ್ಲಿ ಎರಡು ತಲೆಮಾರು ಪೆನ್ನು ಹಿಡಿದ ಮೇಲೆ ಅಂಥದ್ದೆಲ್ಲ ಯಾರಿಗೆ ನೆನಪಿರುತ್ತದೆ? ಅಪ್ಪ ಕೊನೆಯವರೆಗೂ ಈ ಮನೆಯಲ್ಲಿ ಪಾತ್ರೆ ವ್ಯಾಪಾರಿಯಾಗಿಯೇ ಕಾಫಿ ಕುಡಿದು ಹೋದರು.

ಅವರ ಒಂದು ಸುತ್ತಿಗೆ ನನ್ನ ಬೀರುವಿನಲ್ಲಿತ್ತು, ಕೊಬ್ಬರಿ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಕೊಂಡು. ಹಂಡೆ ಆಕಾರಕ್ಕೆ ಬಂದ ಮೇಲೆ ಅದರ ಮೈ ನಯವಾಗಲು ಕೊನೆಗೆ ಸಣ್ಣ ಸಣ್ಣ ಏಟು ಹಾಕುವ ಸುತ್ತಿಗೆ ಅದು. ಅದರ ಮುಖ ಕನ್ನಡಿಯ ಹಾಗಿರಬೇಕು. ಕೂದಲೆಳೆಯಷ್ಟು ಕಚ್ಚು ಬಿದ್ದರೂ ಏಟು ಏಟಿಗೂ ಆ ಕಚ್ಚು ತಾಮ್ರದ ಮೇಲೆ ಮೂಡುತ್ತದೆ. ಹಾಗಾಗಿ ಅದರಲ್ಲಿ ಕಬ್ಬಿಣಕ್ಕೆ ಹೊಡೆಯುವ ಮಾತೇ ಇರಲಿಲ್ಲ. ಆಯುಧಪೂಜೆಯ ದಿನವೂ ಅಪ್ಪ ಕುಂಕುಮವನ್ನು ಹಿಡಿಗೆ ಇಡುತ್ತಿದ್ದರೇ ಹೊರತು ಮುಖಕ್ಕಲ್ಲ. ಮಕ್ಕಳು ಅಲ್ಲಿ ಬೆರಳಿಟ್ಟರೆ ಬೆನ್ನಿಗೆ ಬೀಳುತ್ತಿತ್ತು.

ಗುಂಪಿನವರು ನಮ್ಮ ಮನೆಗೆ ಬರುವ ಭಾನುವಾರ ಹತ್ತಿರವಾದಾಗ ನನಗೂ ಒಂದು ಆಸೆ ಹುಟ್ಟಿತು. ಈ ಮನೆಯಲ್ಲಿ ಒಂದು ಚೀಟಿಯ ಮೇಲಾದರೂ ಅಪ್ಪ ಏನಾಗಿದ್ದರೋ ಅದೇ ಆಗಿರಲಿ ಎಂದು. ಶನಿವಾರ ಸುತ್ತಿಗೆಯನ್ನು ತಂದು ಇವರ ಕೈಗಿಟ್ಟೆ.

“ನಮ್ಮಪ್ಪಂದು.”

ಇವರು ಕನ್ನಡಕ ಏರಿಸಿ ತಿರುಗಿಸಿ ನೋಡಿದರು. “ಇದು ಕೆಲಸ ಮಾಡಿದ ಸುತ್ತಿಗೆ ಅಲ್ಲ ಕಣೇ. ಮುಖ ನೋಡು, ಒಂದು ಗಾಯ ಇಲ್ಲ. ಅಂಗಡೀಲಿ ಮಾರೋಕಿಟ್ಟಿದ್ರೇನೋ.”

“ಅಂಗಡಿ ಅಲ್ಲಾರೀ...” ಅನ್ನುವಷ್ಟರಲ್ಲಿ ಗುಂಪಿನವರ ಫೋನ್ ಬಂತು. ಸುತ್ತಿಗೆ ಫ್ರಿಜ್ಜಿನ ಮೇಲೆ ಹೋಯಿತು, ಮನೆ ಬಳಕೆಗೆ. ನಾನೂ ಸಿಟ್ಟಿನಲ್ಲಿ ಅಲ್ಲೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ಚಟ್ನಿಗೆ ಒಗ್ಗರಣೆ ಇಟ್ಟಿದ್ದೆ. ಹೊರಗೆ ಠಣ್ ಎಂದಿತು. ಆ ಸದ್ದು ನನಗೆ ಗೊತ್ತು, ಓಡಿದೆ. ‘ಸುತ್ತಿಗೆ ಲೋಕ’ ಎಂದು ಅಚ್ಚು ಹಾಕಿಸಿದ ಬೋರ್ಡು ತೂಗುಹಾಕಲು ಇವರು ಗೋಡೆಗೆ ಕಾಂಕ್ರೀಟ್ ಮೊಳೆ ಹೊಡೆಯುತ್ತಿದ್ದರು. ಕಪಾಟಿನ ತುಂಬ ಸುತ್ತಿಗೆಗಳಿದ್ದವು, ನಿಜ. ಆದರೆ ಅವು ಪುರಾತನ ವಸ್ತುಗಳು, ಬಳಸಬಾರದು. ಅಪ್ಪನ ಸುತ್ತಿಗೆಯ ಮುಖದ ನಟ್ಟನಡುವೆ ಅಕ್ಕಿಕಾಳಿನಷ್ಟು ಕಚ್ಚು. ಇವರು ಅದನ್ನು ಗಮನಿಸಲೇ ಇಲ್ಲ, ಬೋರ್ಡು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಳಗೆ ಒಗ್ಗರಣೆ ಸೀಯುತ್ತಿತ್ತು.

ಸಂಜೆ ಗುಂಪಿನವರು ಬಂದರು. ಅಂಜನಾಪುರದಿಂದ ಬಂದಿದ್ದ ಒಬ್ಬರು ಕಪಾಟನ್ನೆಲ್ಲ ನೋಡಿ ಮುಗಿಸಿ, ಟೀಪಾಯಿಯ ಮೇಲೆ ಬಿದ್ದಿದ್ದ ಸುತ್ತಿಗೆಯನ್ನು ಎತ್ತಿಕೊಂಡರು.

“ಸಾರ್, ಇದು ಸಖತ್ತಾಗಿದೆ. ಯಾರ್ದು ಇದು?”

“ಅಯ್ಯೋ, ಅದು ಸುಮ್ನೆ ಮನೇದು,” ಅಂದರು ಇವರು.

“ನಮ್ಮ ತಂದೇದು,” ಅಂದೆ, ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ. “ತಾಮ್ರದ ಹಂಡೆ ಬಡೀತಿದ್ರು. ವ್ಯಾಪಾರ ಅಲ್ಲ. ಬಡೀತಿದ್ರು.” ದನಿ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಬಂತು.

ಎಲ್ಲರ ಫೋನೂ ಹೊರಬಂತು. ಎಂಥಾ ಪರಂಪರೆ ಮೇಡಂ, ಎಂಥಾ ಕಲಾವಿದರು ಎಂದರು. ಇವರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಎದ್ದು ಹೋಗಿ ಅಪ್ಪನ ಸುತ್ತಿಗೆಗೆ ಕಪಾಟಿನ ನಡುವೆ ಜಾಗ ಮಾಡಿದರು. ಇಷ್ಟು ವರ್ಷ ಸಿಗದ ಮಾವ ಇವರಿಗೆ ಕಾಫಿ ಆರುವುದರೊಳಗೆ ಸಿಕ್ಕಿದರು. ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು. ಕಣ್ಣು ತುಂಬಿ ಬಂತು.

ಆಗ ಇವರು ಸುತ್ತಿಗೆಯನ್ನು ಬೆಳಕಿಗೆ ಹಿಡಿದು, ಕಚ್ಚಿನ ಮೇಲೆ ಬೆರಳಾಡಿಸುತ್ತ ಹೇಳಿದರು: “ಈ ಗುರುತು ನೋಡಿ. ನಮ್ಮ ಮಾವ ಎಷ್ಟು ದುಡಿದಿದ್ದಾರೆ ಅನ್ನೋಕೆ ಇದೇ ಸಾಕ್ಷಿ.”

ಜೀವಮಾನದಲ್ಲಿ ಒಂದು ಕಚ್ಚು ಬೀಳಗೊಡದ ಮನುಷ್ಯ! ಪಾತ್ರೆ ವ್ಯಾಪಾರಿಯಾಗಿದ್ದಾಗಲೇ ಅವರ ಮರ್ಯಾದೆ ಚೆನ್ನಾಗಿತ್ತು.

ಎಲ್ಲರೂ ಹೋದ ಮೇಲೆ ಇವರು ಹೊಸ ಚೀಟಿ ಇಟ್ಟುಕೊಂಡು ಕೂತರು. ಪೆನ್ನಿನ ಮುಚ್ಚಳ ತೆಗೆದು, ಬಹಳ ವಿನಯದಿಂದ, “ಏನಂತ ಬರೀಲಿ, ನೀನೇ ಹೇಳೇ,” ಅಂದರು.

“ಸುತ್ತಿಗೆ ನಮ್ಮಪ್ಪಂದು ಅಂತ ಬರೀರಿ,” ಅಂದೆ. “ಕೆಳಗೆ, ಕಚ್ಚು ನಿಮ್ಮದು ಅಂತ ಬರೀರಿ.”