ಹನ್ನೊಂದು ಮಕ್ಕಳ ಪೋಸ್ಟ್‌ಮ್ಯಾನ್

ಈಗಲೂ ಅದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಿಡದಿ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ರಾಮನಗರದಲ್ಲಿ ಪಿಯುಸಿ ಮುಗಿಸಿದ ಮಕ್ಕಳಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ವ್ಯಾಕರಣ, ಪ್ರಬಂಧ ಹೇಳಿಕೊಡುತ್ತಿದ್ದೆ. ಬಿಡಿ ವಾಕ್ಯ ಬರೆಯುತ್ತಿದ್ದರು. ಹತ್ತು ವಾಕ್ಯ ಜೋಡಿಸಿ ಅಂದರೆ ಮಾತ್ರ ಪೆನ್ನು ಕಚ್ಚಿಕೊಂಡು ಕೂತುಬಿಡುತ್ತಿದ್ದರು.

ಅಷ್ಟರಲ್ಲಿ ಒಂದು ಕಾರ್ಖಾನೆಯವರು ಆಫೀಸು ಕೆಲಸಕ್ಕೆ ಪರೀಕ್ಷೆ ಕರೆದರು. ತಂದೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕಂತೆ. ನಾನು ಬೋರ್ಡಿನ ಮೇಲೆ ನಮ್ಮಪ್ಪನನ್ನೇ ಬರೆದೆ. ಸೋಲೂರಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದರು, ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಒಮ್ಮೆ ಎಡಗಾಲಿಗೆ ನಾಯಿ ಕಚ್ಚಿತ್ತು. ಇದು ಬರೀ ಮಾದರಿ, ನಿಮ್ಮದು ನೀವು ಬರೆಯಿರಿ ಎಂದೆ. ಎಂದೆ ಅಂತಲೇ ಅಂದುಕೊಂಡಿದ್ದೆ.

ಕ್ಲಾಸಿನಲ್ಲಿ ಹಾಗೆ ತನ್ನ ಅಪ್ಪನ ಬಗ್ಗೆಯೇ ಬರೆದವಳು ಒಬ್ಬಳೇ, ರೇಷ್ಮೆ ನೂಲು ತೆಗೆಯುವವರ ಮಗಳು. ಕಾಲೇಜು ಮುಗಿದಾಗಿನಿಂದ ಅವಳೂ ಅಪ್ಪನ, ಅವಳ ಮಾತಿನಲ್ಲಿ ಅಬ್ಬನ, ಪಕ್ಕ ಕೂತು ಕುದಿನೀರಿಗೆ ಕೈಹಾಕಿ ಗೂಡಿನ ಎಳೆ ಹಿಡಿಯುತ್ತಿದ್ದಳು. ಆಫೀಸು ಕೆಲಸ ಸಿಕ್ಕಿದರೆ ಮಾತ್ರ ಅಲ್ಲಿಂದ ಏಳಬಹುದು ಎಂದು ಮನೆಯವರು ಮಾತು ಕೊಟ್ಟಿದ್ದರು.

ಪರೀಕ್ಷೆಗೆ ಹನ್ನೊಂದು ಜನ ಹೋದರು. ಹನ್ನೊಂದು ಜನವೂ ಮುಖ ಇಳಿಬಿಟ್ಟುಕೊಂಡು ಬಂದರು.

"ಆ ಆಫೀಸರು ನಕ್ಬುಟ್ಟ ಮಿಸ್. ನಿಮ್ಗೆಲ್ಲಾ ಒಬ್ನೇ ಅಪ್ಪನಾ ಅಂದ," ಎಂದು ಬೈರಮಂಗಲದ ಹುಡುಗಿ ಅತ್ತಳು.

ಎಲಾ ಇವನ! ಮಕ್ಕಳ ಹುಟ್ಟಿನ ಮೇಲೆ ಮಾತಾಡುತ್ತಾನಾ? ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ. ಗೇಟಿನವನು ತಡೆದ, ಅವನಿಗೂ ಬೈದು ಒಳಗೆ ಹೋದೆ.

ಆಫೀಸರು ಹನ್ನೊಂದು ಹಾಳೆ ನನ್ನ ಮುಂದೆ ಹರಡಿದ. ಹನ್ನೊಂದರಲ್ಲೂ ಅಪ್ಪ ಪೋಸ್ಟ್‌ಮ್ಯಾನ್. ಊರು ಸೋಲೂರು. ಹನ್ನೊಂದು ಅಪ್ಪಂದಿರಿಗೂ ನಾಯಿ ಕಚ್ಚಿತ್ತು, ಅದೂ ಎಡಗಾಲಿಗೇ.

"ನಗೋಕೆ ಕರೆಸಿದ್ರಾ ನಮ್ ಮಕ್ಕಳನ್ನ?" ಎಂದು ಆದರೂ ಕೂಗಾಡಿದೆ.

"ಮೇಡಂ, ನಾನು ಅಂದಿದ್ದು ತಪ್ಪು. ಆದ್ರೆ ಒಬ್ರಾದ್ರೂ ಅವರ ಅಪ್ಪನ ಬಗ್ಗೆ ಬರೆದಿದ್ರೆ, ಇಂಗ್ಲಿಷ್ ತಪ್ಪಿದ್ರೂ, ತಗೊಳ್ತಿದ್ದೆ."

ರೇಷ್ಮೆಯವರ ಹುಡುಗಿಯ ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಅವಳೂ ಪೋಸ್ಟ್‌ಮ್ಯಾನ್ ಮಗಳೇ! ಈಗ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ಬಸ್ಸಿಳಿದವಳು ಸೀದಾ ಅವರ ಮನೆಗೆ ನುಗ್ಗಿದೆ. ಗೂಡು ಬೇಯುವ ವಾಸನೆ, ಹಬೆ. ಅಪ್ಪ ಮಗಳು ಅಕ್ಕಪಕ್ಕ ಕೂತಿದ್ದರು.

"ನಿಂಗೇನ್ ಬಂದಿತ್ತೇ ರೋಗ? ಅಷ್ಟು ಚೆನ್ನಾಗಿ ಬರೆದಿದ್ಯಲ್ಲೇ ಕ್ಲಾಸಲ್ಲಿ! ಅಬ್ಬನ ಬೆರಳು ಬೆಂದಿರುತ್ತೆ, ಉಪ್ಪು ತಾಗಿದ್ರೆ ಉರಿಯುತ್ತೆ, ಅದಕ್ಕೆ ಅಮ್ಮ ತುತ್ತು ಮಾಡಿ ತಿನ್ನಿಸ್ತಾಳೆ ಅಂತ. ಅದನ್ನ ಬರೆಯೋಕೆ ಏನಾಗಿತ್ತು?"

ಅವಳು ಕೈ ಒರೆಸಿಕೊಂಡು ಒಳಗೆ ಹೋಗಿ ನೋಟ್‌ಬುಕ್ಕು ತಂದಳು. ಆ ಪುಟ ತೆಗೆದು ನನ್ನ ಕೈಗಿಟ್ಟಳು. ಮೇಲಿಂದ ಕೆಳಗಿನವರೆಗೆ ಕೆಂಪು ಶಾಯಿಯ ಗೀಟು. ಉಪ್ಪಿನ ಸಾಲಿನ ಮೇಲೂ, ತುತ್ತಿನ ಸಾಲಿನ ಮೇಲೂ. ಕೊನೆಯಲ್ಲಿ ನನ್ನದೇ ಅಕ್ಷರ: ಎಲ್ಲಾ ತಪ್ಪು, ಬೋರ್ಡಿನ ಮೇಲಿರುವುದನ್ನು ಕಲಿತುಕೋ.

"ನೀವೇ ಬರೆದಿದ್ದು ಮಿಸ್," ಎಂದಳು ಮೆಲ್ಲಗೆ, ಪಕ್ಕದಲ್ಲಿದ್ದ ಅವಳ ತಂದೆಗೆ ಕೇಳಿಸದ ಹಾಗೆ. "ನಮ್ ಅಬ್ಬ ತಪ್ಪು, ನಿಮ್ ಅಪ್ಪ ಸರಿ ಅಂದ್ಕೊಂಡೆ."

ಆಮೇಲೆ ನನಗೆ ನಮಸ್ಕಾರ ಮಾಡಿ, ಹೋಗಿ ಕುದಿನೀರಿಗೆ ಕೈಹಾಕಿದಳು.