ಲೈನಲ್ಲಿ ಸಿಕ್ಕವಳು

ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜಿದರೆ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಈಗಷ್ಟೇ ತಾತನ ಮಿಲಿಟರಿ ಬೆಲ್ಟಿನ ಬಕಲ್ ಉಜ್ಜಿ ಕೂತಿದ್ದೇನೆ, ಬೆರಳೆಲ್ಲ ಹುಳಿ. ತುಮಕೂರಿನ ಬಟವಾಡಿಯ ನನ್ನ ಸೈಕಲ್ ಷಾಪಿನ ಗೋಡೆಯ ಮೇಲೆ, ನಡುವೆ ಆರು ತಿಂಗಳು ಬಿಟ್ಟರೆ, ಹದಿನೈದು ವರ್ಷದಿಂದ ಇದು ನೇತಾಡುತ್ತಿದೆ. ಬಕಲಿನ ಪಕ್ಕ ಹೊಲಿಗೆ ಕಿತ್ತಿದೆ, ನೋಡಿ. ಅದು ಜಪಾನಿನವನು ತಿವಿದಾಗ ಕಿತ್ತದ್ದು ಎಂದು ಎಷ್ಟು ಜನಕ್ಕೆ ಪಂಕ್ಚರ್ ಹಾಕುತ್ತಾ ಹೇಳಿದ್ದೇನೋ!

ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ದುಡಿಮೆಯಲ್ಲಿ ಯಾರಿಗೂ ಕಮ್ಮಿಯಿಲ್ಲ, ಆದರೆ ಗೋಡೆಗೆ ಹಾಕಲು ಸರ್ಟಿಫಿಕೇಟ್ ಇರಲಿಲ್ಲ. ಬೆಲ್ಟ್ ಇತ್ತು. ಅಕ್ಕನ ಗಂಡ ಗುಬ್ಬಿಯವರು, ಇಲ್ಲಿ ಹೈಸ್ಕೂಲ್ ಮೇಷ್ಟ್ರು. "ಏನಪ್ಪ ಏಳನೇ ಕ್ಲಾಸು" ಎಂದೇ ನನ್ನನ್ನು ಮಾತಾಡಿಸುವುದು. ನಾನು ಬೆಲ್ಟ್ ತೋರಿಸುತ್ತಿದ್ದೆ. "ನಿಮ್ಮ ತಾತ ಏನ್ ಮಾಡ್ತಿದ್ರು ಭಾವ? ನಮ್ಮ ತಾತ ಬರ್ಮಾದಲ್ಲಿ ಗುಂಡಿನ ಮಧ್ಯೆ ಹೆಂಡ್ತಿ ತಂದೋರು!"

ತಾತ ಸಾಯುವವರೆಗೂ ಹೇಳಿದ್ದು ಒಂದೇ ಮಾತು: "ಲೈನಲ್ಲಿ ಸಿಕ್ಕಿದ್ಲು ಕಣ್ಲಾ. ಅಷ್ಟು ಜನದ ಮುಂದೆ ಎದುರು ನಿಂತ್ಲು." ಮಿಲಿಟರಿಯವನ ಬಾಯಲ್ಲಿ ಲೈನ್ ಅಂದರೆ ಯುದ್ಧದ ಲೈನಲ್ಲದೆ ಇನ್ನೇನು? ಹೊಗೆ, ಹೊಳೆ, ಬಾಂಬು ಇವೆಲ್ಲ ನಮ್ಮಪ್ಪ ಸೇರಿಸಿದ್ದು. ಅಜ್ಜಿಯನ್ನು ನರ್ಸ್ ಮಾಡಿದ್ದು ನಾನು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಭಾನುವಾರ, ಗಿರಾಕಿಗಳ ಎದುರಿಗೇ ಭಾವ ಕೇಳಿದರು: "ನಿಮ್ಮಜ್ಜಿ ತವರು ಕುಣಿಗಲ್ಲು. ಅಲ್ಲಿಂದ ಬರ್ಮಾಕ್ಕೆ ಯಾವ ಬಸ್ಸಪ್ಪ?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಬನ್ನಿ, ಅಜ್ಜಿ ಬಾಯಲ್ಲೇ ಕೇಳಿ. ಸುಳ್ಳಾದ್ರೆ ಬೆಲ್ಟ್ ಗೋಡೆಯಿಂದ ಇಳಿಸ್ತೀನಿ" ಎಂದು ಬೆಲ್ಟನ್ನು ಕಂಕುಳಲ್ಲಿಟ್ಟುಕೊಂಡು ಷಟರ್ ಎಳೆದೆ.

ಅಜ್ಜಿ ಹುಲಿಯೂರುದುರ್ಗದಲ್ಲಿ ಗಟ್ಟಿಮುಟ್ಟಾಗಿದ್ದಳು. ಜಗಲಿಯಲ್ಲಿ ಅವರೆಕಾಳು ಹಿತಕುತ್ತಿದ್ದವಳು ಬೆಲ್ಟ್ ನೋಡಿ, ನನ್ನ ಬರ್ಮಾ ಕಥೆ ಕೇಳಿ ನಕ್ಕಳು.

"ಬರ್ಮಾನೂ ಇಲ್ಲ ಗಿರ್ಮಾನೂ ಇಲ್ಲ ಬುಡು. ಕುಣಿಗಲ್ಲಲ್ಲಿ ಸೀಮೆಎಣ್ಣೆ ಲೈನು. ಯುದ್ಧದ ಕಾಲ, ಎಲ್ಲಾ ರೇಷನ್ನು. ಬೆಳಗ್ಗಿಂದ ನಿಂತಿದ್ದೆ. ನಿಮ್ತಾತ ರಜಾದಲ್ಲಿ ಬಂದಿದ್ದೋನು, ಬೂಟು ಟಕಟಕ ಅನ್ನಿಸ್ಕೊಂಡು ಮುಂದಕ್ಕೆ ನುಗ್ಗಿದ. ಕೇಳಿದ್ರೆ 'ಮಿಲಿಟ್ರಿ' ಅಂದ. 'ಮಿಲಿಟ್ರಿ ಆದ್ರೆ ಜಪಾನಿನೋರ ಮೇಲೆ ನುಗ್ಗು ಹೋಗು' ಅಂತ ಬೆಲ್ಟ್ ಹಿಡ್ದು ಎಳೆದೆ. ಪರ್ರಂತ ಕಿತ್ಕೊಂತು."

"ಆಮೇಲೆ ಅಜ್ಜಿ?" ಭಾವನ ದನಿ ಬೆಣ್ಣೆಯಾಗಿತ್ತು.

"ಹಿಂದೆ ಹೋಗಿ ನಿಂತ್ಕೊಂಡ. ಅವನ ಸರದಿ ಬರೋಷ್ಟ್ರಲ್ಲಿ ಎಣ್ಣೆ ಖಾಲಿ. ಮುಖ ನೋಡೋಕಾಗ್ದೆ ಅರ್ಧ ಸೀಸೆ ನಾನೇ ಕೊಟ್ಟೆ. ಮಾರನೇ ವಾರ ಅವರಪ್ಪನ್ನ ಕರ್ಕೊಂಡು ಹೆಣ್ಣು ಕೇಳೋಕೆ ಬಂದ."

"ಇಷ್ಟು ವರ್ಷ ಯಾಕಜ್ಜಿ ಹೇಳ್ಲಿಲ್ಲ?" ಎಂದೆ ನಾನು.

"ಯಾರ್ಲಾ ಕೇಳಿದ್ರು?"

ಕುಣಿಗಲ್ ದಾಟಿ ತುಮಕೂರು ಬರುವವರೆಗೂ ಭಾವ ಬಸ್ಸಿನಲ್ಲಿ ನಗುತ್ತಲೇ ಇದ್ದರು. ಮಾತಿಗೆ ತಪ್ಪದೆ ಬೆಲ್ಟನ್ನು ಟ್ರಂಕಿಗೆ ಹಾಕಿದೆ. ಆರು ತಿಂಗಳಾದ ಮೇಲೆ ಅಜ್ಜಿ ಕಣ್ಣು ತೋರಿಸಲು ತುಮಕೂರಿಗೆ ಬಂದಳು. ಷಾಪಿನ ಬರೀ ಮೊಳೆ ನೋಡಿ ಗದರಿದಳು: "ಎಲ್ಲೋ ನನ್ ಬೆಲ್ಟು?"

ನನ್ ಬೆಲ್ಟು! ಅವತ್ತೇ ಮತ್ತೆ ನೇತುಹಾಕಿದೆ.

ಇಗೋ, ಬಕಲ್ ಒರೆಸುವಷ್ಟರಲ್ಲಿ ಭಾವ ಬಂದರು. ಮೂವರು ಕಾಯುತ್ತಿದ್ದರೂ ಸೈಕಲನ್ನು ನನ್ನ ಮೂಗಿನವರೆಗೆ ತಂದು, "ಮೊದ್ಲು ನಂದಕ್ಕೆ ಗಾಳಿ ಹೊಡಿಯಪ್ಪ ಏಳನೇ ಕ್ಲಾಸು" ಎಂದರು. ನಾನು ಕಿತ್ತ ಹೊಲಿಗೆಯನ್ನು ಅವರ ಕಡೆ ತಿರುಗಿಸಿ ಹಿಡಿದೆ.

ಮೇಷ್ಟ್ರು ಸೈಕಲ್ ಹಿಂದಕ್ಕೆ ತಳ್ಳಿಕೊಂಡು ಹೋಗಿ, ನಾಲ್ಕನೆಯವರಾಗಿ ನಿಂತರು.