ಸೊನ್ನೆಯನ್ನು ದಿನಾ ಎತ್ತಿಡುವ ಟೀಚರ್

ಬೆಳಗಿನ ಆರು ಗಂಟೆ. ಶಾಲೆಯ ಗೇಟು ಇನ್ನೂ ಅರ್ಧವೇ ತೆರೆದಿದೆ. ಚೌಕ ಚಪ್ಪಡಿ ಹಾಸಿದ ಅಂಗಳದಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು ಉದ್ದನೆಯ ದಾರಕ್ಕೆ ಸೀಮೆಸುಣ್ಣದ ಪುಡಿ ತೀಡುತ್ತಿದ್ದಾರೆ. ದಾರದ ಒಂದು ತುದಿ ಇಟ್ಟಿಗೆಯ ಕೆಳಗೆ, ಇನ್ನೊಂದು ಅವರದೇ ಕಾಲ್ಬೆರಳ ಸಂದಿಯಲ್ಲಿ. ಬಿಗಿಯಾದ ದಾರವನ್ನು ಚಿಟಿಕೆಯಲ್ಲಿ ಎತ್ತಿ ಬಿಡುತ್ತಾರೆ. ಟಪ್ಪೆಂದು ಬಡಿದ ದಾರ ನೆಲದ ಮೇಲೆ ನೇರ ಬಿಳಿ ಗೆರೆ ಬಿಟ್ಟು ಏಳುತ್ತದೆ. ಅದಕ್ಕೆ ಅಡ್ಡಲಾಗಿ ಇನ್ನೊಂದು. ಎರಡೂ ಸೇರಿದಲ್ಲಿ ಒಂದು ದುಂಡನೆಯ ಸೊನ್ನೆ.

"ನಿನ್ನೆ ಸೊನ್ನೆ ಮೆಟ್ಟಿಲ ಹತ್ರ ಇತ್ತು. ಇವತ್ತು ಇಲ್ಲಿಗೆ ಬಂದಿದೆ. ನನ್ನ ಸೊನ್ನೆಗೆ ಕಾಲಿದೆ," ಎನ್ನುತ್ತಾ ಬಟ್ಟೆಯ ಪುಡಿ ಕೊಡವಿಕೊಳ್ಳುತ್ತಾರೆ.

ಬೀಜಗಣಿತಕ್ಕೆ ಆಗಷ್ಟೇ ಕಾಲಿಟ್ಟ ಮಕ್ಕಳಿಗೆ ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿರುವ ಗುತ್ತಿಗೆ ಶಿಕ್ಷಕಿ ಇವರು. ಮಕ್ಕಳ ಬಾಯಲ್ಲಿ ಚೌಕದ ಟೀಚರ್. ಎರಡು ಸಂಖ್ಯೆ ಕೊಟ್ಟರೆ ಕಾಗದದ ಮೇಲೆ ಒಂದೇ ಒಂದು ಜಾಗಕ್ಕೆ ಬೆರಳಿಡುವ ಪಾಠಕ್ಕೆ ಪುಸ್ತಕದಲ್ಲಿ 'ನಿರ್ದೇಶಾಂಕ ಸಮತಲ' ಎಂಬ ಹೆಸರಿದೆ. "ಆ ಹೆಸರು ಕೇಳಿದ್ರೇ ಮಕ್ಕಳಿಗೆ ಚಳಿಜ್ವರ ಬರುತ್ತೆ. ಅದಕ್ಕೇ ನಾನು ಹೆಸರನ್ನ ಕೊನೇ ದಿನ ಹೇಳ್ತೀನಿ," ಎಂದು ನಗುತ್ತಾರೆ.

ಇವತ್ತು ಮಾತ್ರ ನಗು ಬೇಗ ಮಾಯವಾಗುತ್ತದೆ. ಹತ್ತು ಗಂಟೆಗೆ ಮರುಪರೀಕ್ಷೆ. ಬರೆಯುವವರು ಮೂವತ್ತೊಂದು ಮಕ್ಕಳು. ಇಪ್ಪತ್ತೈದು ಮಂದಿಯಾದರೂ ಪಾಸಾಗದಿದ್ದರೆ ಅಂಗಳದ ಪಾಠ ಇವತ್ತಿಗೇ ಬಂದ್. ಪಾಸಾಗದವರು ಬೀಜಗಣಿತವೇ ಇಲ್ಲದ ತರಗತಿಗೆ.

ದಾರದ ಈ ವಿದ್ಯೆ ಅವರಿಗೆ ಬಂದದ್ದು ಗಾರೆ ಕೆಲಸದ ಅಪ್ಪನಿಂದ. ಗೋಡೆ ಎಬ್ಬಿಸುವ ಮುಂಚೆ ಅಪ್ಪ ಹೀಗೆಯೇ ಗೆರೆ ಹೊಡೆಯುತ್ತಿದ್ದರು, ಮಗಳು ದಾರದ ತುದಿ ಹಿಡಿಯುತ್ತಿದ್ದಳು. ಈಗ ಅವರ ಬೆಳಗು ಶುರುವಾಗುವುದು ನಾಲ್ಕೂವರೆಗೆ. ಅಡುಗೆ, ಬಸ್ ಓಡಿಸುವ ಗಂಡನ ಬುತ್ತಿ, ಅತ್ತೆಯ ಮಾತ್ರೆ, ಒಗೆಯುವ ಬಟ್ಟೆ ಎಲ್ಲ ಮುಗಿಸಿ ಆರಕ್ಕೆ ಇಲ್ಲಿ. "ಮನೆ ನೆಲ ಒರೆಸು ಅಂದ್ರೆ ಸೊಂಟ ನೋವು, ಶಾಲೆ ನೆಲ ಗೀಚೋಕೆ ಯಾವ ನೋವೂ ಇಲ್ಲ ಇವಳಿಗೆ," ಎಂದು ಅತ್ತೆ ದಿನಾ ಚುಚ್ಚುತ್ತಾರಂತೆ. ಸೀಮೆಸುಣ್ಣದ ಚೂರುಗಳನ್ನು ಕುಟ್ಟಿ, ಜರಡಿ ಹಿಡಿದು, ಡಬ್ಬಿ ತುಂಬಿಸಿಡುವವರೂ ಅದೇ ಅತ್ತೆ.

ಏಳಕ್ಕೆ ಮಕ್ಕಳು ಬರುತ್ತಾರೆ. ಗೆರೆಯ ಮೇಲಿನ ಒಂದೊಂದು ಚಪ್ಪಡಿಗೆ ಒಂದೊಂದು ಸಂಖ್ಯೆ. ಸೊನ್ನೆಯ ಬಲಕ್ಕೆ ಹೋದರೆ ಒಂದು, ಎರಡು, ಮೂರು. ಎಡಕ್ಕೆ ಹೋದರೆ ಮೈನಸ್. ಅಡ್ಡಗೆರೆಯಿಂದ ಮುಂದಕ್ಕೆ ಹೋದರೆ 'ಮೇಲೆ', ಹಿಂದಕ್ಕೆ ಹೋದರೆ 'ಕೆಳಗೆ'.

"ಮೂರು, ಎರಡು! ಯಾರು ಹೋಗ್ತೀರಾ?"

ಹುಡುಗನೊಬ್ಬ ನೆಗೆದು ಮೊದಲು ಮೇಲಕ್ಕೆ ಮೂರು ಚಪ್ಪಡಿ ದಾಟುತ್ತಾನೆ.

"ಏನಪ್ಪಾ ರಾಜ, ಬಾಗಿಲಿಂದ ನಡೀದೇನೇ ಲಿಫ್ಟ್ ಹತ್ತಿಬಿಟ್ಯಾ?" ಟೀಚರ್ ಕೇಳುತ್ತಾರೆ. ಎಲ್ಲರೂ ಗೊಳ್ಳೆನ್ನುತ್ತಾರೆ. ಅವನು ನಾಲಿಗೆ ಕಚ್ಚಿಕೊಂಡು ವಾಪಸ್ ಸೊನ್ನೆಗೆ ಬಂದು, ಬಲಕ್ಕೆ ಮೂರು ನಡೆದು, ಆಮೇಲೆ ಮೇಲಕ್ಕೆ ಎರಡು ಹತ್ತುತ್ತಾನೆ. "ಮೊದಲು ನಡಿ, ಆಮೇಲೆ ಹತ್ತು. ಎರಡನೇದು ಮೈನಸ್ ಬಂದ್ರೆ ನೆಲಮಾಳಿಗೆಗೆ ಇಳಿ. ಅಷ್ಟೇ ಕಣ್ರೋ."

ಇಷ್ಟು ಚೆನ್ನಾಗಿ ನಡೆಯುವ ಪಾಠ ಕಳೆದ ತಿಂಗಳು ಮುಗ್ಗರಿಸಿತು. ನಲವತ್ತಮೂರು ಮಕ್ಕಳಲ್ಲಿ ಮೂವತ್ತೊಂದು ಮಂದಿ ಪರೀಕ್ಷೆಯಲ್ಲಿ ನಪಾಸು. ಅಂಗಳದಲ್ಲಿ ಕಣ್ಣು ಮುಚ್ಚಿ ಓಡುತ್ತಿದ್ದ ಮಕ್ಕಳು! ಕಾರಣ ಹೇಳಿದ್ದು ಕೊನೆಯ ಬೆಂಚಿನ ಹುಡುಗಿ, ದನಿ ಏಳದ್ದಕ್ಕೆ ಎಲ್ಲರೂ 'ಪಿಸುಮಾತು' ಎಂದು ಕರೆಯುವವಳು. ಹತ್ತಿರ ಬಂದು ಕೇಳಿದಳಂತೆ: "ಮಿಸ್, ಪೇಪರಲ್ಲಿ ನಲ್ಲಿ ಎಲ್ಲಿತ್ತು?"

ಟೀಚರಿಗೆ ಆಗ ಹೊಳೆಯಿತು. ಈ ವರ್ಷ ಗಡಿಬಿಡಿಯಲ್ಲಿ ಸೊನ್ನೆಯನ್ನು ದಿನವೂ ಒಂದೇ ಚಪ್ಪಡಿಯ ಮೇಲೆ ಇಟ್ಟಿದ್ದರು. ಮಕ್ಕಳು ಸಂಖ್ಯೆ ಕಲಿತಿರಲಿಲ್ಲ, ಅಂಗಳ ಕಲಿತಿದ್ದರು. ಮೈನಸ್ ನಾಲ್ಕು, ಎರಡು ಎಂದರೆ ಅಂಗಳದ ನಲ್ಲಿಯ ಪಕ್ಕ. ಐದು, ಒಂದು ಎಂದರೆ ಬಿರುಕು ಬಿಟ್ಟ ಕಲ್ಲು. "ತಪ್ಪು ಅವರದಲ್ಲ, ನಂದು. ದಾರಿ ತೋರಿಸ್ತೀನಿ ಅಂತ ಹೋಗಿ ಗುರುತು ತೋರಿಸಿಬಿಟ್ಟಿದ್ದೆ," ಎನ್ನುತ್ತಾರೆ.

ಮುಖ್ಯೋಪಾಧ್ಯಾಯಿನಿ 'ದೊಡ್ಡ ಮೇಡಂ' ಕಡ್ಡಿ ಮುರಿದಂತೆ ಹೇಳಿದರು: "ಕುಣಿದಾಟ ಸಾಕು, ಒಳಗೆ ಕೂರಿಸಿ." ಟೀಚರ್ ಪಟ್ಟು ಬಿಡಲಿಲ್ಲ. ಒಂದು ತಿಂಗಳ ಗಡುವು ಕೇಳಿದರು. ಇಪ್ಪತ್ತೈದರ ಷರತ್ತು ಹುಟ್ಟಿದ್ದು ಹಾಗೆ. ಅಂದಿನಿಂದ ಸೊನ್ನೆ ಒಂದು ಕಡೆ ನಿಂತಿಲ್ಲ. ಒಮ್ಮೆ ಗೇಟಿನ ಬಳಿ, ಒಮ್ಮೆ ಮೂಲೆಯಲ್ಲಿ, ಒಮ್ಮೆ ನಲ್ಲಿಯ ಬುಡದಲ್ಲೇ.

ಹತ್ತು ಗಂಟೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಟೀಚರ್ ಅದನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಾರೆ. ಅಚ್ಚಾದ ಚೌಕಗಳಲ್ಲಿ ಎರಡು ಗೆರೆಗಳು ನಡುವೆ ಕೂಡಿಲ್ಲ, ಕೆಳಗಿನ ಎಡಮೂಲೆಗೆ ಹತ್ತಿರ ಕೂಡಿವೆ. "ನಾನೇ ಬೇಕಂತ ಅಲ್ಲಿ ಹಾಕ್ಸಿದೀನಿ," ಎನ್ನುತ್ತಾರೆ ದೊಡ್ಡ ಮೇಡಂ. "ನೋಡೇಬಿಡೋಣ."

ಕೊಠಡಿಯಲ್ಲಿ ಗುಸುಗುಸು ಏಳುವುದಿಲ್ಲ. ಮೂವತ್ತೊಂದು ತಲೆಗಳು ಬಾಗುತ್ತವೆ. ಬೆರಳುಗಳು ಮೊದಲು ಸೊನ್ನೆ ಹುಡುಕುತ್ತವೆ, ಆಮೇಲೆ ನಡೆಯುತ್ತವೆ, ಆಮೇಲೆ ಹತ್ತುತ್ತವೆ. ಟೀಚರ್ ಕಿಟಕಿಯಾಚೆ ಕೈಕಟ್ಟಿ ನಿಂತಿದ್ದಾರೆ. ಅವರ ಹೆಬ್ಬೆರಳೂ ತೋಳಿನ ಮೇಲೆ ಚಪ್ಪಡಿ ಎಣಿಸುತ್ತಿದೆ.

ಮಧ್ಯಾಹ್ನ ದೊಡ್ಡ ಮೇಡಂ ತಾವೇ ತಿದ್ದಿದ ಕಟ್ಟು ತಂದು ಮೇಜಿನ ಮೇಲಿಡುತ್ತಾರೆ. "ಇಪ್ಪತ್ತೇಳು. ಅಂಗಳ ನಿಮ್ದೇ ಇಟ್ಕೊಳ್ಳಿ."

ಟೀಚರ್ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಕೈ ಆಗಲೇ ಕಟ್ಟಿನ ತಳದ ನಾಲ್ಕು ಹಾಳೆಗಳನ್ನು ಎಳೆಯುತ್ತಿದೆ. ಮೇಲಿನದು ಪಿಸುಮಾತಿನದು. ಚುಕ್ಕಿಗಳೆಲ್ಲ ಒಂದೊಂದೇ ಚೌಕ ತಪ್ಪಿವೆ, ದಿಕ್ಕು ಮಾತ್ರ ಎಲ್ಲೂ ತಪ್ಪಿಲ್ಲ.

"ಈ ಹುಡುಗಿ ಸೊನ್ನೆಯಿಂದ ಹೊರಡೋ ಬದಲು ಸೊನ್ನೆಯನ್ನೇ ಒಂದು ಅಂತ ಎಣಿಸಿದ್ದಾಳೆ ಮೇಡಂ. ನಿಂತ ಕಲ್ಲನ್ನ ಎಣಿಸಬಾರದು, ಇಟ್ಟ ಹೆಜ್ಜೆ ಎಣಿಸಬೇಕು. ಒಂದು ವಾರ ಕೊಡಿ. ನಾಲ್ಕೂ ಜನರನ್ನ ದಡ ಮುಟ್ಟಿಸ್ತೀನಿ."

"ಗೆದ್ದಮೇಲೂ ಚೌಕಾಸಿನಾ?" ದೊಡ್ಡ ಮೇಡಂ ಹುಬ್ಬೇರಿಸುತ್ತಾರೆ. ಆಮೇಲೆ ಒಂದು ವಾರ ಎಂದು ಬೆರಳೆತ್ತಿ ತೋರಿಸಿ ಹೊರಟುಬಿಡುತ್ತಾರೆ.

ಮತ್ತೇನು ಆಸೆ ಎಂದು ಕೇಳಿದರೆ ಟೀಚರ್ ತುಂಬ ಯೋಚಿಸುವುದಿಲ್ಲ. "ದಾರ ನವೆದುಹೋಗಿದೆ, ಒಂದು ಹೊಸ ಉಂಡೆ ಬೇಕು. ಗಟ್ಟಿ ಇದ್ದರೆ ಸಾಕು."

ಮರುದಿನ ಬೆಳಗ್ಗೆ ಆರಕ್ಕೆ ಅಂಗಳದಲ್ಲಿ ಅವರೊಬ್ಬರೇ ಇಲ್ಲ. ನಾಲ್ಕು ಮಕ್ಕಳಿದ್ದಾರೆ. ಟೀಚರ್ ಪುಡಿ ತೀಡಿದ ದಾರವನ್ನು ಪಿಸುಮಾತಿನ ಕೈಗೆ ಕೊಟ್ಟು ಕೇಳುತ್ತಾರೆ, "ಇವತ್ತು ಸೊನ್ನೆ ಎಲ್ಲಿಡೋಣ, ಪುಟ್ಟಿ?"

ಹುಡುಗಿ ಅಂಗಳವನ್ನೆಲ್ಲ ಒಮ್ಮೆ ನೋಡಿ, ನಲ್ಲಿಗೆ ಬೆನ್ನು ಹಾಕಿ, ತನಗೆ ಬೇಕಾದ ಕಲ್ಲಿನ ಮೇಲೆ ಹೋಗಿ ನಿಲ್ಲುತ್ತಾಳೆ. ಗೇಟಿನವರೆಗೂ ಕೇಳುವಂತೆ ಹೇಳುತ್ತಾಳೆ: "ಇಲ್ಲಿ, ಮಿಸ್."